ಹ್ಯಾಲೋವೀನ್ ಸಂಜೆಯ ಆಹಿರಿ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು, ಎದ್ದು ಹೋಗಿದ್ದೇನೆ. ಪಕ್ಕದ ಮನೆಯವರು ಹ್ಯಾಲೋವೀನಿಗೆಂದು ಮತ್ತೆ ಬಾಗಿಲಿಗೆ ಅಸ್ಥಿಪಂಜರ ನೇತುಹಾಕಿದ್ದಾರೆ. ಇನ್ನು ಮುಂದೂಡಲಾರೆ.

ಎಂಬತ್ತರ ದಶಕದಲ್ಲಿ ನಾವು ಪರದೇಶಕ್ಕೆ ಬಂದು ಸನ್ನಿವೇಲ್ ಎಂಬ ಊರಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಹೇವರ್ಡಿನ ಗೋದಾಮಿನಲ್ಲಿ ನನ್ನ ಕೆಲಸ. ಹ್ಯಾಲೋವೀನ್ ಬಂತೆಂದರೆ ನನಗೆ ತಲೆನೋವು. ಮಕ್ಕಳು ದೆವ್ವದ ವೇಷದಲ್ಲಿ ಮಿಠಾಯಿ ಕೇಳಲು ಬರುತ್ತಾರೆ. ಅವರನ್ನು ಹೆದರಿಸಲು ಮನೆಮನೆಯಲ್ಲೂ ಆರ್ಗನ್ನು, ಪಿಟೀಲಿನ ಭಯಂಕರ ರೆಕಾರ್ಡು. ನಮ್ಮ ಮಗಳದೂ ಅದೇ ಹಟ.

"ಅಪ್ಪಾ, ಸ್ಕೇರಿ ಕ್ಲಾಸಿಕಲ್ ಮ್ಯೂಸಿಕ್! ಎವ್ರಿಬಡಿ ಹ್ಯಾಸ್ ಇಟ್!"

ಲೈಬ್ರರಿಗೆ ಹೋದರೆ ಅಂಥ ರೆಕಾರ್ಡು ಒಂದೂ ಉಳಿದಿರಲಿಲ್ಲ. ಸಿಡಿಮಿಡಿಗುಟ್ಟುತ್ತ ಮನೆಗೆ ಬಂದೆ.

ಮೈಸೂರಿನಿಂದ ಬಂದು ನಮ್ಮೊಡನಿದ್ದ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ಅಡುಗೆಮನೆಯಿಂದ ಕೇಳಿದರು: "ಕ್ಲಾಸಿಕಲ್ ತಾನೇ ಅಳಿಯಂದ್ರೇ? ನಾನೇ ಹಾಡ್ಲಾ? ಆಹಿರಿ ರಾಗ ಕೇಳಿದ್ರೆ ದೆವ್ವಗಳೂ ಅಳ್ತವೆ."

"ಅದನ್ನ ಬೆಳಿಗ್ಗೆ ಹಾಡಿದ್ರೆ ಅವತ್ತು ಊಟ ಸಿಗಲ್ಲ ಅಂತಾರಲ್ಲಮ್ಮಾ?" ಎಂದಳು ಹೆಂಡತಿ.

"ಇದು ಸಂಜೆ ಕಣೇ."

ಚಿಕ್ಕಂದಿನಿಂದ ಸಂಗೀತ ಕಲಿತವರು ಅವರು. "ಗೋಡೆ ತೆಳು, ಅಕ್ಕಪಕ್ಕದವರು ಕಂಪ್ಲೇಂಟ್ ಮಾಡ್ತಾರೆ" ಎಂದು ಬಂದ ಹೊಸತರಲ್ಲೇ ನಾನು ಅವರ ಬಾಯಿ ಮುಚ್ಚಿಸಿದ್ದೆ. ಈ ಮನೆಯಲ್ಲಿ ಗಂಟಲೆತ್ತಿ ಹಾಡಲು ಸಿಕ್ಕಿದ ಮೊದಲ ಅವಕಾಶ. ಯಾರಿಗೂ ಕಾಣುವುದಿಲ್ಲವೆಂದು ಗೊತ್ತಿದ್ದರೂ ರೇಷ್ಮೆ ಸೀರೆ ಉಟ್ಟು ಬಾಗಿಲ ಹಿಂದೆ ಕೂತರು.

ಆಲಾಪನೆ ಶುರುವಾಯಿತು. ಮೆಟ್ಟಿಲ ಮೇಲಿನ ಮಕ್ಕಳ ಗದ್ದಲ ನಿಂತಿತು. ಒಂದು ಮಗು ನಿಜಕ್ಕೂ ಹೆದರಿ ಅತ್ತಿತು. ನಮ್ಮ ಮಗಳು ಕುಣಿದಾಡಿದಳು. ಅಷ್ಟರಲ್ಲಿ ಕೆಳಗಿನ ಮನೆಯವನು ಬಂದು, ಯಾರಿಗಾದರೂ ಹೊಟ್ಟೆನೋವೇ ಎಂದು ಕೇಳಿ ನಕ್ಕ.

ನಾನು ತಿರುಗಿ ಕಿರುಚಿದೆ: "ಸಾಕು ನಿಲ್ಸಿ! ಮರ್ಯಾದೆ ಹೋಗ್ತಿದೆ!"

ಎಳೆದ ಸ್ವರ ಅರ್ಧಕ್ಕೇ ನಿಂತಿತು.

ಅವರು ಸೀರೆ ಬದಲಿಸಿ ಮಲಗಿದರು. ಊಟಕ್ಕೆ ಏಳಲಿಲ್ಲ. ಹೆಂಡತಿ ಬಲವಂತ ಮಾಡಿದಾಗ ನಗುತ್ತಲೇ ಹೇಳಿದರು: "ಆಹಿರಿಗೆ ಬೆಳಿಗ್ಗೆ, ಸಂಜೆ ಅಂತ ಭೇದ ಇಲ್ಲ ಅಂತ ಕಾಣುತ್ತೆ."

ಮರುವರ್ಷ ಮಗಳು, "ಅಜ್ಜೀ, ಆ ಗೋಸ್ಟ್ ಸಾಂಗ್ ಹಾಡು" ಎಂದು ದುಂಬಾಲು ಬಿದ್ದಳು.

"ಗೋಡೆ ತೆಳು, ಪುಟ್ಟೀ."

ನಾನು ಅಲ್ಲೇ ಕೂತು ಶೂ ಲೇಸು ಕಟ್ಟುತ್ತಿದ್ದೆ. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದೆ, ತಲೆ ಎತ್ತಲಿಲ್ಲ. ಅವರು ತೀರಿಕೊಂಡು ಬಹಳ ಕಾಲವಾಯಿತು. ತಪ್ಪಾಯಿತು ಎಂಬ ಒಂದು ಮಾತು ನಾನು ಹೇಳದೆ ಉಳಿಸಿಕೊಂಡದ್ದು ಅವರಿಗೆ, ನನ್ನ ಅತ್ತೆಗೆ.