ಕಂದು ನೂಲಿನ ಅಡಿಯ ರಾಣಿ ಬಣ್ಣ

ಪೀಂ, ಪೀಂ, ಪೀಂ. ಮೂರು ಸಲ ಕೂಗಿ ಮೆಷಿನ್ ನಿಂತುಬಿಡುತ್ತಿತ್ತು. ಕಸೂತಿ ಮೆಷಿನ್‌ನ ಸೂಜಿಯಲ್ಲಿ ನೂಲು ತುಂಡಾದಾಗ ಬರುವ ಸದ್ದು ಅದು. ಕೆಲಸ ಬಿಟ್ಟ ಮೇಲೆ ನನ್ನ ಕಿವಿಯಲ್ಲಿ ಉಳಿದದ್ದು ದಿನವಿಡೀ ಓಡುತ್ತಿದ್ದ ಅದರ ಟಕಟಕ ಅಲ್ಲ. ಆ ಮೂರು ಕೂಗು ಮತ್ತು ಅದರ ಬೆನ್ನಿಗೆ ಕೋಣೆಯಲ್ಲಿ ಹರಡುತ್ತಿದ್ದ ಮೌನ.

ಕೋವಿಡ್ ಕಳೆದು ಶಾಲೆಗಳು ಮೊದಲಿನಂತೆ ತೆರೆದ ಮರುವರ್ಷದ ಮಾತು. ಮಾಟುಂಗದ ನಮ್ಮ ಹಳೆಯ ಬಿಲ್ಡಿಂಗ್‌ನ ನೆಲಮಹಡಿಯಲ್ಲಿ ನಾನು ಎಂಬ್ರಾಯ್ಡರಿ ಡಿಜಿಟೈಸರ್ ಆಗಿದ್ದೆ. ಎಂದರೆ, ಚಿತ್ರವನ್ನೋ ಹೆಸರನ್ನೋ ಕಂಪ್ಯೂಟರಿನಲ್ಲಿ ಹೊಲಿಗೆಗಳಾಗಿ ಬಿಡಿಸಿ, ಸೂಜಿ ಎಲ್ಲಿ ಇಳಿಯಬೇಕು, ಯಾವ ದಿಕ್ಕಿಗೆ ಹೋಗಬೇಕು, ಯಾವಾಗ ಬಣ್ಣ ಬದಲಿಸಬೇಕು ಎಂದು ಮೆಷಿನ್‌ಗೆ ತಿಳಿಸುವ ಫೈಲ್ ತಯಾರಿಸುವ ಕೆಲಸ. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಸ್ಯಾಟಿನ್ ಸ್ಟಿಚ್ ಕಲಿಸಿದ್ದು ಕೈಯಲ್ಲಿ. "ನೀಟ್‌ನೆಸ್, ಗರ್ಲ್ಸ್!" ಎನ್ನುತ್ತಾ ಬಟ್ಟೆಯ ಹಿಂಬದಿಯನ್ನೇ ಮೊದಲು ನೋಡುತ್ತಿದ್ದರು. ಮದುವೆಯಾಗಿ ಬೊಂಬಾಯಿಗೆ ಬಂದು ಎಕ್ಸ್‌ಪೋರ್ಟ್ ಕಂಪನಿಯ ಡಿಸೈನ್ ಸೆಕ್ಷನ್ ಸೇರಿದೆ. ಅಲ್ಲಿ ಕಂಪ್ಯೂಟರ್ ಕಲಿತೆ. ರಿಟೈರ್ ಆದ ಮೇಲೆ ಒಂದು ಮೆಷಿನ್ ತಂದು ಮನೆಯಲ್ಲೇ ಇಟ್ಟುಕೊಂಡೆ.

ಆ ವರ್ಷ ಬೇಸಿಗೆಯಲ್ಲಿ ನನ್ನ ಯಜಮಾನರು ತೀರಿಕೊಂಡಿದ್ದರು. ದುಃಖವಿತ್ತೇ ಎಂದು ಕೇಳಿದರೆ ಹೇಳಲಾರೆ. ಬೆಳಿಗ್ಗೆ ಕಾಫಿ ಮಾಡುತ್ತಿದ್ದೆ, ಮೆಷಿನ್ ಹಚ್ಚುತ್ತಿದ್ದೆ, ಸಂಜೆ ಆರಿಸುತ್ತಿದ್ದೆ. ಯಾರೋ ಬೇರೆಯವರು ನನ್ನ ಕೈಗಳನ್ನು ಬಾಡಿಗೆಗೆ ಪಡೆದ ಹಾಗೆ.

ನನಗೆ ಆರ್ಡರ್ ಬರುತ್ತಿದ್ದದ್ದು ಚಿಕ್ಕ ಚಿಕ್ಕ ಗಿಫ್ಟ್ ಅಂಗಡಿಗಳಿಂದ. ಅದರಲ್ಲಿ ಕುರ್ಲಾದಲ್ಲಿ ಅಂಗಡಿ ಇಟ್ಟಿದ್ದ ಶೋಭಾ ನಮ್ಮ ಊರಿನ ಕಡೆಯವಳು, ಬಾಯಿ ಜೋರು, ವ್ಯವಹಾರ ಚೊಕ್ಕ. ಸೆಪ್ಟೆಂಬರಿನ ಟೀಚರ್ಸ್ ಡೇ ಎಂದರೆ ಅವಳಿಗೂ ನನಗೂ ಸುಗ್ಗಿ. ಟೀಚರ್ ಹೆಸರು ಹಾಕಿದ ಬ್ಯಾಗು, ಟವೆಲು, ಪೌಚು. ಹೆಸರಿನ ಪಕ್ಕದಲ್ಲಿ ಒಂದು ಸೇಬು, ಒಂದು ಪೆನ್ಸಿಲ್. ಈ ನಾಡಿನ ಟೀಚರಿಗೆ ಸೇಬು ಕೊಟ್ಟವರನ್ನು ನಾನಂತೂ ಕಂಡಿಲ್ಲ. ಆದರೂ ಎಲ್ಲರಿಗೂ ಸೇಬೇ ಬೇಕು.

ಆ ಸಲ ಕುರ್ಲಾದ ಒಂದು ಶಾಲೆಯ ತಾಯಂದಿರ ವಾಟ್ಸಾಪ್ ಗ್ರೂಪ್‌ನಿಂದ ಶೋಭಾಳಿಗೆ ದೊಡ್ಡ ಆರ್ಡರ್ ಬಂತು. ತಮ್ಮ ಮಕ್ಕಳ ಕ್ಲಾಸ್ ಟೀಚರ್ ಗ್ರೇಸಿ ಮಿಸ್‌ಗೆ ಗೋಡೆಯಲ್ಲಿ ತೂಗುಹಾಕುವ ಒಂದು ಬಟ್ಟೆ ಬೇಕು. ನಡುವೆ ಮರ, ಪ್ರತಿ ಎಲೆಯಲ್ಲೂ ಒಂದೊಂದು ಮಗುವಿನ ಹೆಸರು ಇಂಗ್ಲಿಷಿನಲ್ಲಿ. ಡಿಸೈನ್ ಮಾಡಿ, ಸಾಧಾರಣ ಬಟ್ಟೆಯ ಮೇಲೆ ಒಂದು ಸ್ಯಾಂಪಲ್ ಹೊಲಿದು, ಫೋಟೋ ಕಳಿಸಿದೆ. ಅದು ಗ್ರೂಪಿಗೆ ಹೋಯಿತು. ಒಪ್ಪಿಗೆಯೂ ಬಂತು. ನಮ್ಮ ಕಸುಬಿನಲ್ಲಿ ಸ್ಯಾಂಪಲ್ ಅಪ್ರೂವ್ ಆದ ಮೇಲೆ ಒಂದು ಚುಕ್ಕೆಯನ್ನೂ ಸೇರಿಸುವಂತಿಲ್ಲ.

ಮರುದಿನ ಶೋಭಾಳ ಫೋನ್. "ಆಂಟಿ, ಒಬ್ಬರು ನಿಮ್ಮಲ್ಲಿಗೆ ಬರ್ತಾ ಇದ್ದಾರೆ. ನನಗೆ ಅವರಿಗೆ ಇಲ್ಲ ಅಂತ ಹೇಳ್ಲಿಕ್ಕೆ ಬಾಯಿ ಬರುದಿಲ್ಲ. ನೀವೇ ಹೇಳಿ."

"ನಿನಗೆ ಬಾಯಿ ಬರುದಿಲ್ಲವಾ? ಯಾವಾಗಿಂದ?"

"ತಮಾಷೆ ಬೇಡ ಆಂಟಿ," ಎಂದಳು. ಅವಳ ದನಿ ಬೇರೆಯೇ ಇತ್ತು. ಆಮೇಲೆ ಎಲ್ಲ ತಿಳಿಸಿದಳು.

ಮಧ್ಯಾಹ್ನ ಬಂದವಳು ರೇಣುಕಾ. ವಿಜಯಪುರದ ಕಡೆಯವಳು, ಕುರ್ಲಾದ ಚಾಳಿನಲ್ಲಿ ವಾಸ, ಎರಡು ಮನೆಗಳಲ್ಲಿ ಅಡುಗೆ ಮಾಡುತ್ತಿದ್ದಳು. ತರಕಾರಿ ಕೊಳ್ಳಲು ಬಂದವಳಷ್ಟು ಸಲೀಸಾಗಿ ಸ್ಟೂಲ್ ಎಳೆದು ಕೂತಳು.

"ಅಮ್ಮಾರ, ಆ ಮರದಾಗ ಒಂದು ಎಲಿ ಹೆಚ್ಚಿಗಿ ಮಾಡಾಕ ಬರತೈತೇನ್ರಿ? ನನ್ನ ಮಗಳು ಕಾವ್ಯಾ ಅದ ಕ್ಲಾಸಿನಾಕಿ ಇದ್ಲರಿ. ಜುಲೈದಾಗ ಡೆಂಗಿ ಆಗಿ ಹೋದ್ಲು."

ಅವಳೇ ಮುಂದುವರಿಸಿದಳು. "ಗ್ರೂಪ್‌ನಾಗಿಂದ ನನ್ನ ಯಾರೂ ತಗದಿಲ್ರಿ. ತಗಿಯಾಕ ಮನಸಾಗಿರಾಕಿಲ್ಲ, ಪಾಪ. ಹಂಗಾಗಿ ಫೋಟೋ ನನಗೂ ಬಂತು. ಝೂಮ್ ಮಾಡಿ ಮಾಡಿ ಹುಡಿಕಿದೆ."

ಶೋಭಾ ಆಗಲೇ ಗ್ರೂಪ್ ನಡೆಸುವ ತಾಯಿಯನ್ನು ಕೇಳಿ ನೋಡಿದ್ದಳು. ಆಕೆ ಕೆಟ್ಟವಳಲ್ಲ. ಮಕ್ಕಳು ಈಗಷ್ಟೇ ಸರಿಹೋಗುತ್ತಿದ್ದಾರೆ, ಎಲ್ಲರೆದುರು ಬಿಚ್ಚಿದಾಗ ಮಿಸ್ ಅತ್ತರೆ ಮಕ್ಕಳೂ ಅಳುತ್ತಾರೆ, ಬೇಡ ಎಂದಿದ್ದಳಂತೆ. ನಾನು ಅದನ್ನೇ ಹೇಳಿದೆ. "ಆರ್ಡರ್ ಕೊಟ್ಟವರು ಬೇಡ ಅಂದ ಮೇಲೆ ನಾನು ಎಲೆ ಸೇರಿಸ್ಲಿಕ್ಕೆ ಆಗುದಿಲ್ಲಮ್ಮ."

"ಹೌದ್ರಿ. ಅವರದೂ ಖರೇನ ಐತಿ," ಎಂದಳು. ಏಳಲಿಲ್ಲ. "ಹಾಜರಿ ಕರಿಯೂಮುಂದ ಗ್ರೇಸಿ ಮಿಸ್ ಆಕಿ ಹೆಸರಿಗಿ ಬಂದು ನಿಂತಬಿಡತಿದ್ರಂತ. ಬಾಜೂ ಮನಿ ಹುಡುಗಿ ಹೇಳತಿತ್ತು. ಈಗ ಹಾಜರಿಯಾಗಿಂದನೂ ತಗದಾರ. ರೇಷನ್ ಕಾರ್ಡ್‌ನಾಗಿಂದ ನಾವ ತಗಸಬೇಕಾತು. ಇನ್ನ ಎಲ್ಲಿ ಐತ್ರಿ ಆಕಿ ಹೆಸರು?" ಎಂದಳು.

ಅವಳ ಕಣ್ಣು ಒಣಗಿತ್ತು. ನನ್ನದೂ.

ಇಲ್ಲಿ ಒಂದು ಮಾತು ವಿವರಿಸಬೇಕು. ದಟ್ಟ ಹೊಲಿಗೆ ಹಾಕುವ ಮೊದಲು ಬಟ್ಟೆ ಸುಕ್ಕುಗಟ್ಟದಿರಲೆಂದು ಅಡಿಯಲ್ಲಿ ವಿರಳವಾಗಿ ಒಂದು ಹೊಲಿಗೆ ಓಡಿಸುತ್ತೇವೆ. ಅದಕ್ಕೆ ಅಂಡರ್‌ಲೇ ಎನ್ನುತ್ತಾರೆ. ಮನೆಗೆ ಪಾಯ ಇದ್ದ ಹಾಗೆ. ಮೇಲಿನ ನೂಲು ಬಂದ ಮೇಲೆ ಅದು ಯಾರಿಗೂ ಕಾಣುವುದಿಲ್ಲ, ಕಾಣಲೂ ಬಾರದು. ಒಳ್ಳೆಯ ಬಟ್ಟೆಯ ಮೇಲೆ ಮರವನ್ನು ನಾನಿನ್ನೂ ಹೊಲಿದಿರಲಿಲ್ಲ.

"ಎಲೆಯಲ್ಲಿ ಆಗುದಿಲ್ಲ," ಎಂದೆ. "ಕಾಂಡದ ಅಡಿಯಲ್ಲಿ ಹಾಕ್ಬಹುದು. ಮೇಲೆ ಕಂದು ನೂಲು ಬರ್ತದೆ."

"ಕಾಣಂಗಿಲ್ಲೇನ್ರಿ?"

"ಕಾಣುದಿಲ್ಲ."

"ಮತ್ತ ಇರತೈತಿ?"

"ಇರ್ತದೆ. ಬೆರಳಾಡಿಸಿದರೆ ಸ್ವಲ್ಪ ಉಬ್ಬು ಸಿಗ್ತದೆ."

ರೇಣುಕಾ ಮೆಷಿನ್ ನೋಡಿದಳು, ನೂಲಿನ ಸ್ಟ್ಯಾಂಡ್ ನೋಡಿದಳು. ಎದ್ದುಹೋಗಿ ರಾಣಿ ಬಣ್ಣದ, ಎಂದರೆ ಕಡು ಗುಲಾಬಿ ನೂಲಿನ, ಉರುಳೆಯ ಮೇಲೆ ಬೆರಳಿಟ್ಟಳು. ಅಡಿಯಲ್ಲಿ ಹೋಗುವುದಕ್ಕೆ ಕಂದೇ ಸಾಕು ಎಂದೆ.

"ಒಳಗ ಉಡೂ ಲಂಗಕ್ಕೂ ಬಣ್ಣಾ ನೋಡಿ ತಗೋತೀವಲ್ರಿ ಅಮ್ಮಾರ," ಎಂದಳು. ಆ ತಿಂಗಳುಗಳಲ್ಲಿ ನಾನು ನಕ್ಕದ್ದು ಅದೊಂದೇ ಸಲವಿರಬೇಕು.

ಫೈಲ್ ತಿದ್ದಿದೆ. ಒಂದೇ ಜಾಗದಲ್ಲಿ ಎರಡು ದಟ್ಟ ಪದರ ನೂಲು ಬಂದರೆ ಸೂಜಿ ಮುರಿಯುತ್ತದೆ. ಅದಕ್ಕಾಗಿ ಹೆಸರಿನ ಮೇಲೆ ಬರುವ ಕಂದು ಹೊಲಿಗೆಗಳ ನಡುವೆ ಅಂತರವನ್ನು ತುಸು ಹೆಚ್ಚಿಸಿದೆ. ಕಣ್ಣಿಗೆ ಗೊತ್ತಾಗುವಷ್ಟಲ್ಲ. ಬಟ್ಟೆಯನ್ನು ಹೂಪ್‌ಗೆ, ಅಂದರೆ ಅದನ್ನು ಬಿಗಿಯಾಗಿ ಹಿಡಿಯುವ ಚೌಕಟ್ಟಿಗೆ, ಹಾಕಿ ಮೆಷಿನ್ ಶುರು ಮಾಡಿದೆ. ಬಿಳಿ ಬಟ್ಟೆಯ ಮೇಲೆ ಕೆ, ಎ, ವಿ, ವೈ, ಎ. ಐದೂ ಅಕ್ಷರ ರಾಣಿ ಬಣ್ಣದಲ್ಲಿ ಮೂಡಿದವು. ಸುತ್ತ ಬೇರೇನೂ ಇಲ್ಲ. ರೇಣುಕಾ ಹತ್ತಿರ ಬಂದು ನಿಂತಳು.

ನಾನು ನೂಲು ಬದಲಿಸಿದೆ. ಕಂದು ಶುರುವಾಯಿತು.

ಇಷ್ಟು ವರ್ಷ ಈ ಕೆಲಸ ಮಾಡಿ, ಈ ಒಂದು ಸಂಗತಿ ನನ್ನ ತಲೆಗೆ ಹೊಳೆದಿರಲಿಲ್ಲ. ಹೆಸರು ಮುಚ್ಚಿಹೋಗುವುದನ್ನು ಅವಳು ಕೂತು ನೋಡಬೇಕಾಗುತ್ತದೆ ಎಂದು. ಸೂಜಿ ಸಾಲು ಸಾಲಾಗಿ ಬಂತು. ಕೆ ಹೋಯಿತು. ಎ ಹೋಯಿತು. ಅಷ್ಟರಲ್ಲಿ ಪೀಂ, ಪೀಂ, ಪೀಂ. ನೂಲು ತುಂಡಾಗಿ ಮೆಷಿನ್ ನಿಂತಿತು. ಅರ್ಧ ಹೆಸರು ಒಳಗೆ, ಅರ್ಧ ಹೊರಗೆ.

ನೂಲು ಪೋಣಿಸಿ ಸ್ಟಾರ್ಟ್ ಒತ್ತಲು ಕೈ ಚಾಚಿದೆ. ರೇಣುಕಾ ನನ್ನ ಮಣಿಕಟ್ಟು ಹಿಡಿದಳು. "ತಡೀರಿ ಒಂದೀಟು."

ತಡೆದೆ. ಹೊರಗೆ ಯಾರೋ ಸ್ಕೂಟರ್ ಸ್ಟಾರ್ಟ್ ಮಾಡಲು ಒದ್ದಾಡುತ್ತಿದ್ದರು. ಇಷ್ಟಕ್ಕೇ ಬಿಡಿ ಎಂದು ಅವಳು ಹೇಳಿದ್ದರೆ ಏನು ಮಾಡುತ್ತಿದ್ದೆ ಎಂದು ಈಗಲೂ ಗೊತ್ತಿಲ್ಲ. ಆರ್ಡರ್ ಹೋಗುತ್ತಿತ್ತು, ಶೋಭಾಳ ಕೈಯಿಂದ ಆ ಶಾಲೆಯೇ ಹೋಗುತ್ತಿತ್ತು.

"ಯಾವ ಬಟನ್ ಒತ್ತಬೇಕ್ರಿ?" ಎಂದಳು.

ಹಸಿರು ತೋರಿಸಿದೆ. ಅವಳೇ ಒತ್ತಿದಳು. ಕೊನೆಯ ಎ ಮುಚ್ಚುವವರೆಗೂ ಬೆರಳನ್ನು ಬಟನ್ ಮೇಲಿಂದ ತೆಗೆಯಲಿಲ್ಲ. ಎಲ್ಲ ಮುಗಿದ ಮೇಲೆ ಕಾಂಡದ ಮೇಲೆ ಬೆರಳು ಓಡಿಸಿ, "ಸಿಗತೈತ್ರಿ," ಎಂದಳು. ಚಪ್ಪಲಿ ಮೆಟ್ಟಿ ಹೋದಳು. ಸಂಜೆಯ ಅಡುಗೆಗೆ ಹೊತ್ತಾಗಿತ್ತು.

ಬಟ್ಟೆ ಒಯ್ಯಲು ಬಂದ ಶೋಭಾ ಕೈಯಾಡಿಸಿ ನೋಡಿದಳು. "ಎಂತ ಆಂಟಿ, ಕಾಂಡ ಇಲ್ಲಿ ಸ್ವಲ್ಪ ಉಬ್ಬಿದ ಹಾಗೆ ಉಂಟಲ್ಲ?"

"ಮರಕ್ಕೆ ಗಂಟು ಇರುದಿಲ್ವಾ?"

ಅವಳು ನನ್ನ ಮುಖ ನೋಡಿದಳು. "ನಾನು ಕೇಳ್ಲಿಲ್ಲ, ನೀವು ಹೇಳ್ಲಿಲ್ಲ. ಪ್ಯಾಕ್ ಮಾಡಿ ಕೊಡಿ."

ಟೀಚರ್ಸ್ ಡೇ ಸುಸೂತ್ರವಾಗಿ ಕಳೆಯಿತು, ಯಾರೂ ಅಳಲಿಲ್ಲ ಎಂದು ಆಮೇಲೆ ಕೇಳಿದೆ.

ಕ್ರಿಸ್‌ಮಸ್ ರಜೆಯಲ್ಲಿ ಗ್ರೇಸಿ ಮಿಸ್ ಸ್ವತಃ ಬಂದರು. ಬಟ್ಟೆ ತೂಗುಹಾಕುವ ಕುಣಿಕೆ ಬಿಚ್ಚಿಹೋಗಿತ್ತು. ಶೋಭಾ ವಿಳಾಸ ಕೊಟ್ಟಿದ್ದಳು. ಬಿಡಿಸಿ ನೋಡಿದೆ. ಎಲೆಗಳು ಹೊಸದರಂತೆ ಇದ್ದವು. ಕಾಂಡದ ನಡುಭಾಗ ಮಾತ್ರ ಎಳೆ ಎದ್ದು ಜೂಲಾಗಿತ್ತು. ಅದರ ಸಂದಿಯಲ್ಲಿ ರಾಣಿ ಬಣ್ಣ.

"ಮಕ್ಕಳು," ಎಂದರು ಮಿಸ್. "ಮನೆಗೆ ಹೋಗುವ ಬೆಲ್ ಆದ ಮೇಲೆ ಲೈನಲ್ಲಿ ಹೋಗುವಾಗ ಒಬ್ಬೊಬ್ಬರೇ ಇದನ್ನು ಮುಟ್ಟಿ ಹೋಗ್ತಾರೆ. ಯಾರು ಮೊದಲು ಕಂಡುಹಿಡಿದದ್ದೋ, ಗಾಡ್ ನೋಸ್. ಕೆಲವರು ಉಗುರಿನಲ್ಲಿ ಕೆರೀತಾರೆ. ನಾನು ಬೈಯುದಿಲ್ಲ."

ಬೇಕಾದರೆ ಮೇಲಿಂದ ಇನ್ನೊಮ್ಮೆ ಕಂದು ಹೊಲಿಗೆ ಹಾಕಿಕೊಡುತ್ತೇನೆ ಎಂದೆ. ಅವರು ಬೇಡವೆಂದು ತಲೆಯಾಡಿಸಿದರು. "ಕುಣಿಕೆ ಮಾತ್ರ ಸರಿ ಮಾಡಿ. ಅದಕ್ಕೆ ಕೈ ಹಾಕ್ಬೇಡಿ."

ಎಕ್ಸ್‌ಪೋರ್ಟ್ ಕಂಪನಿಯಲ್ಲಿ ಅಂಡರ್‌ಲೇ ಕಂಡರೆ ಪೀಸ್ ರಿಜೆಕ್ಟ್ ಎಂದು ಜೂನಿಯರ್‌ಗಳಿಗೆ ಗದರುತ್ತಿದ್ದೆ. ಈಗ ಹೊಸಬರು ಯಾರಾದರೂ ಕೇಳಿಕೊಂಡು ಬಂದರೆ, ಅಡಿಯಲ್ಲೂ ಒಳ್ಳೆಯ ನೂಲೇ ಹಾಕಿ ಎನ್ನುತ್ತೇನೆ. ಮೇಲಿನದು ಹೇಗೂ ಸವೆಯುವಂಥದ್ದು.

ರೇಣುಕಾಳನ್ನು ಕೊನೆಯ ಸಲ ನೋಡಿದ್ದು ಹೊಸ ವರ್ಷ ಕಳೆದ ಮೇಲೆ, ಕುರ್ಲಾ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ. ಕೆಲಸ ಬದಲಾಗಿದೆ, ಈಗ ಥಾಣೆಯ ಕಡೆ ಹೋಗಬೇಕು ಎಂದಳು. ಲೋಕಲ್ ಬರುತ್ತಿರುವ ಅನೌನ್ಸ್‌ಮೆಂಟ್ ಆಗುತ್ತಿತ್ತು. ನಾನು ಅವಸರವಾಗಿ, "ನಿನ್ನ ಮಗಳ ಹೆಸರು ಹೊರಗೆ ಬರ್ತಾ ಉಂಟು. ಮಕ್ಕಳು ಮುಟ್ಟಿ ಮುಟ್ಟಿ ಮೇಲಿನ ನೂಲು ಸವೆದಿದೆ," ಎಂದೆ.

ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಯಾವ ಅಕ್ಷರ ಬಂದೈತ್ರಿ?"

"ನಡುವಿನದು. ವಿ."

"ವಿ," ಎಂದಳು. ಗಾಡಿ ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಲೇಡೀಸ್ ಡಬ್ಬಿಗೆ ನುಗ್ಗಿದಳು. ಬಾಗಿಲಿನ ಕಂಬ ಹಿಡಿದುಕೊಂಡಿದ್ದ ಅವಳ ಕೈ ಮಾತ್ರ ನನಗೆ ಕಾಣುತ್ತಿತ್ತು. ತೋರುಬೆರಳು ಕಂಬದ ಮೇಲೆ ಒಮ್ಮೆ ಓರೆಯಾಗಿ ಕೆಳಕ್ಕೆ, ಒಮ್ಮೆ ಓರೆಯಾಗಿ ಮೇಲಕ್ಕೆ ಆಡಿತು. ಗಾಡಿ ಹೊರಟಿತು.