ಅಳಿಯನಿಗೆ ಸೋಲುವ ಆಟ

ಹುನಗುಂದದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿರುವ ಮಹಾಂತೇಶನಿಗೆ ತನ್ನ ಅಕ್ಕನ ಗಂಡನನ್ನು ಕಂಡರೆ ಆಗುತ್ತಿರಲಿಲ್ಲ. ಸಿಟ್ಟಲ್ಲ ಅದು. ಸಿಟ್ಟು ಬರಬೇಕಾದರೂ ಎದುರಿನವನಿಗೆ ಒಂದಷ್ಟು ಯೋಗ್ಯತೆ ಇರಬೇಕು. ಇದು ಬರೀ ತಿರಸ್ಕಾರ, ಅದನ್ನು ಬಾಯಿಬಿಟ್ಟು ಹೇಳುವ ಹಾಗೂ ಇರಲಿಲ್ಲ. ಅಪ್ಪ ಗಾಳೆಪ್ಪ ತೀರಿಕೊಂಡ ಮೇಲೆ ಮನೆಗೆ ಮಹಾಂತೇಶನೇ ಗಂಡಸು. ಅಳಿಯ ಬಂದರೆ ಕಾಲಿಗೆ ನೀರು ಕೊಡುವುದರಿಂದ ಹಿಡಿದು ಗಾಡಿ ಹತ್ತಿಸಿ ಕೈಬೀಸುವವರೆಗೆ ಎಲ್ಲ ಉಪಚಾರವೂ ಅವನ ಕೊರಳಿಗೇ ಬಿದ್ದಿತ್ತು.

ಆ ಅಳಿಯನ ಹೆಸರು ರಾಹುಲ. ಬಾಗಲಕೋಟೆಯ ನವನಗರದಲ್ಲಿ ಮನೆ, ಅಲ್ಲೇ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಕಾಯಂ ನೌಕರಿ. ಅಕ್ಕ ಜಯಶ್ರೀಯನ್ನು ಕೊಟ್ಟದ್ದು ಆ ‘ಕಾಯಂ’ ಅನ್ನುವ ಒಂದು ಶಬ್ದ ಕೇಳಿ. ಮನುಷ್ಯನನ್ನು ನೋಡಲಿಲ್ಲವೇ ಅಂದರೆ ನೋಡಿದ್ದರು. ನೌಕರಿಯ ಹಿಂದೆ ನಿಂತಿದ್ದನಾದ್ದರಿಂದ ಸರಿಯಾಗಿ ಕಂಡಿರಲಿಲ್ಲ. ದೀಪಾವಳಿಗೆ ಹೆಂಡತಿಯ ತವರಿಗೆ ಬರುವಾಗ ಅಮೀನಗಡದಲ್ಲಿ ಗಾಡಿ ನಿಲ್ಲಿಸಿ ಪಾವು ಕಿಲೋ ಕರದಂಟು ಕಟ್ಟಿಸಿಕೊಂಡು, ಅಲ್ಲೇ ನಿಂತು ಅರ್ಧ ತಿಂದು, ಮಿಕ್ಕದ್ದನ್ನು ಅತ್ತೆಯ ಕೈಗೆ ದಾನ ಕೊಡುವವನ ಗತ್ತಿನಲ್ಲಿ ಕೊಡುವ ಆಸಾಮಿ. ಗಾದಿಯ ಮೇಲೆ ಕೂತನೆಂದರೆ ನೀರಿನ ಚರಿಗೆ ಮುಟ್ಟಲೂ ಏಳುವವನಲ್ಲ. ಜಗತ್ತಿನ ಎಲ್ಲ ವಿಷಯದ ಮೇಲೂ ಅವನ ಹತ್ತಿರ ಒಂದು ಸಲಹೆ ಇರುತ್ತಿತ್ತು. ಗೊಬ್ಬರ ಮಾರುವವನಿಗೆ ಗೊಬ್ಬರದ ಬಗ್ಗೆ, ಹೋಳಿಗೆ ಮಾಡುವವಳಿಗೆ ಹೂರಣದ ಬಗ್ಗೆ ಹೇಳಿಕೊಡುತ್ತಿದ್ದ.

ಇಷ್ಟಾದರೂ ಸಹಿಸಬಹುದಿತ್ತು. ಮಹಾಂತೇಶನ ಮನೆಯಲ್ಲಿ ಟೀವಿಗೆ ಜೋಡಿಸಿ ಆಡುವ ಗೇಮಿನ ಡಬ್ಬಿಯೊಂದಿತ್ತು. ಅಂಗಡಿ ಮುಚ್ಚಿದ ಮೇಲೆ ಪಕ್ಕದ ಮೊಬೈಲ್ ಅಂಗಡಿಯ ಅಶ್ಫಾಕನನ್ನು ಕೂರಿಸಿಕೊಂಡು ಅದರಲ್ಲಿ ಫುಟ್‌ಬಾಲ್ ಆಡುವುದು ಅವನ ಏಕೈಕ ಚಟ. ಇಬ್ಬರೂ ಚೆನ್ನಾಗಿ ಆಡುತ್ತಿದ್ದರು. ಗೆದ್ದವನು ಎದೆಯುಬ್ಬಿಸುತ್ತಿದ್ದ, ಸೋತವನು ಮಿರ್ಚಿ ಭಜಿ ತರುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು. ಮದುವೆಯಾದ ಮೊದಲ ದೀಪಾವಳಿಗೆ ಬಂದ ರಾಹುಲ ಆ ಡಬ್ಬಿಯನ್ನು ನೋಡಿದ. “ಇದನ್ನ ನಾ ಭಾಳ ಆಡೇನಿ” ಅಂದ. ಕೂತ. ಸೋತ. ಸೋತ ಮೇಲೆ ರಿಮೋಟು ಕೆಟ್ಟಿದೆ ಅಂದ. ಊಟಕ್ಕೆ ಕರೆದರೆ ಹಸಿವಿಲ್ಲ ಅಂದ. ತಾಟಿನಲ್ಲಿ ಹೋಳಿಗೆ ಹಾಗೇ ಬಿಟ್ಟು ಕೈತೊಳೆದು ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ.

ತಾಯಿ ಚಂದವ್ವನ ಜೀವ ಬಾಯಿಗೆ ಬಂತು. ಮಗನನ್ನು ಹಿತ್ತಲಿಗೆ ಕರೆದು ತರಾಟೆಗೆ ತೆಗೆದುಕೊಂಡಳು.

“ವರ್ಷಕ್ಕೊಮ್ಮಿ ಬರೋ ಅಳಿಯಾನ್ನ ಸೋಲಿಸಿ ಕುಂದ್ರಸ್ತಾರೇನಪಾ? ಅಂವ ಆ ಸಿಟ್ಟ ಯಾರ ಮ್ಯಾಲ ತೀರಸ್ತಾನ? ನನ್ನ ಮಗಳ ಮ್ಯಾಲ.”

“ಅದು ಆಟ ಐತಬೇ ಯವ್ವಾ.”

“ಆಟಾನ ಐತಿ. ಅದಕ್ಕ ಸೋಲು. ಜಯಾಗ ಹೇಳಬ್ಯಾಡ ಮತ್ತ, ಆಕಿ ಬಾಯಾಗ ಮಾತು ನಿಲ್ಲಂಗಿಲ್ಲ.”

ಅಂದಿನಿಂದ ಮಹಾಂತೇಶ ಅಳಿಯನಿಗೆ ಸೋಲತೊಡಗಿದ. ದೀಪಾವಳಿಗೆ ಸೋತ, ಪಂಚಮಿಗೆ ಸೋತ, ಅಕ್ಕನ ಸೀಮಂತಕ್ಕೆ ಬಂದಾಗಲೂ ಸೋತ. ಹೀಗೇ ಮೂರು ವರ್ಷ ನಡೆಯಿತು. ಸೋಲುವುದು ಸುಲಭ ಅಂದುಕೊಂಡಿರುವವರು ರಾಹುಲನ ಆಟ ನೋಡಿದವರಲ್ಲ. ಅವನು ಓಡಿಸುವ ಬಟನ್ನನ್ನು ಒತ್ತಿ ಹಿಡಿದನೆಂದರೆ ಮ್ಯಾಚು ಮುಗಿಯುವವರೆಗೆ ಬಿಡುತ್ತಿರಲಿಲ್ಲ. ಅವನ ಆಟಗಾರ ಚೆಂಡನ್ನು ಅಲ್ಲೇ ಬಿಟ್ಟು ತಾನು ಗೆರೆಯಾಚೆ ಓಡಿ ಹೋಗುತ್ತಿದ್ದ. ಪಾಸು ಕೊಡುವುದು ಅವನ ಮಟ್ಟಿಗೆ ಹೇಡಿತನ. ಮೈದಾನದ ನಡುವಿನಿಂದಲೇ ಗೋಲಿಗೆ ಒದೆಯುತ್ತಿದ್ದ, ಅದು ನೋಡುವ ಮಂದಿಯ ನಡುವೆ ಬೀಳುತ್ತಿತ್ತು. ಇಂಥವನ ಚೆಂಡು ತನ್ನ ಗೋಲಿನೊಳಗೆ ಬೀಳಬೇಕೆಂದರೆ ಮಹಾಂತೇಶ ಎಷ್ಟು ಕಷ್ಟಪಡಬೇಕು! ತನ್ನ ರಕ್ಷಣೆಯವರನ್ನು ಒಬ್ಬೊಬ್ಬರನ್ನಾಗಿ ಬದಿಗೆ ಸರಿಸಿ ದಾರಿ ಮಾಡಿಕೊಡಬೇಕು. ಗೋಲ್‌ಕೀಪರನನ್ನು ಹೊರಗೆ ತಂದು ದಿಕ್ಕು ತಪ್ಪಿದವನ ಹಾಗೆ ನಿಲ್ಲಿಸಬೇಕು. ಅಷ್ಟಾದರೂ ರಾಹುಲ ಖಾಲಿ ಗೋಲನ್ನು ತಪ್ಪಿಸಿ ಕಂಬಕ್ಕೆ ಹೊಡೆಯುತ್ತಿದ್ದ. ಆಗ ಮಹಾಂತೇಶ ಆ ಚೆಂಡನ್ನು ಮತ್ತೆ ಅವನ ಕಾಲಿಗೇ ತಂದೊಪ್ಪಿಸಬೇಕು. ಇದನ್ನೊಮ್ಮೆ ನೋಡಿದ ಅಶ್ಫಾಕ ಹೊಟ್ಟೆ ಹಿಡಿದುಕೊಂಡು ಬೀದಿಗೆ ಓಡಿದ್ದ.

ಗೋಲು ಬಿದ್ದ ಮೇಲೆ ಬರುವುದೇ ಉಪದೇಶ.

“ಕಣ್ಣಾಗ ಎಣ್ಣಿ ಬಿಟ್ಕೊಂಡ ನೋಡ ಲೇ ಮಹಾಂತ್ಯಾ. ನನ್ನ ಮನಷಾ ಚೆಂಡ ಹಿಡಕೊಂಡ ಬಂದ ಅಂದ್ರ ನೀ ತಡಾ ಮಾಡಬಾರ್ದು. ಜಾರಿ ಅಡ್ಡ ಬೀಳಬೇಕು. ಇಬ್ಬರನ್ನ, ಮೂವರನ್ನ ಮ್ಯಾಲ ಬಿಡಬೇಕು. ಡಿಫೆನ್ಸ್ ಅಂದ್ರ ಮುತ್ತಿಗಿ!”

“ಹೌದ್ರಿ ಮಾವಾರ” ಅನ್ನುತ್ತಿದ್ದ ಮಹಾಂತೇಶ. ಜಾರಿ ಬಿದ್ದವನು ನೆಲದಿಂದ ಏಳುವಷ್ಟರಲ್ಲಿ ಎದುರಾಳಿ ದಾಟಿ ಹೋಗಿರುತ್ತಾನೆ ಅನ್ನುವುದು ಆಟ ಕಲಿತ ಎರಡನೇ ದಿನಕ್ಕೇ ತಿಳಿಯುವ ಸಂಗತಿ. ಈ ಮನುಷ್ಯನಿಗೆ ಅದು ತಿಳಿಯುವ ಸಂಭವವೇ ಇರಲಿಲ್ಲ. ತಪ್ಪು ಮಾಡಿದಾಗಲೆಲ್ಲ ಮಹಾಂತೇಶನೇ ದಾರಿ ಬಿಟ್ಟುಕೊಟ್ಟು ಗೆಲ್ಲಿಸುತ್ತಿದ್ದನಲ್ಲ.

ಒಳಗೊಳಗೆ ಮಹಾಂತೇಶನಿಗೆ ಇದರಲ್ಲಿ ಒಂದು ಸುಖವೂ ಇತ್ತೆಂದು ಹೇಳಿಬಿಡಬೇಕು. ಎದುರಿಗೆ ಕೂತು ಮೀಸೆ ತಿರುವುತ್ತಿರುವ ಮೂರ್ಖನಿಗೆ ತಾನು ಮೂರ್ಖನೆಂದು ಗೊತ್ತಿಲ್ಲ, ನನಗೆ ಗೊತ್ತಿದೆ! ಆ ಸುಖವನ್ನು ಅವನು ಎಲೆಅಡಿಕೆಯ ಹಾಗೆ ದವಡೆಯಲ್ಲಿಟ್ಟುಕೊಂಡು ನಿಧಾನವಾಗಿ ಅಗಿಯುತ್ತಿದ್ದ.

ಈ ದೀಪಾವಳಿಯ ಪಾಡ್ಯದ ದಿನ ಅಕ್ಕ-ಮಾವ ಬಂದಿಳಿದರು. ಕೂಸನ್ನು ಬಾಗಲಕೋಟೆಯಲ್ಲಿ ಜಯಶ್ರೀಯ ಅತ್ತೆಯ ಹತ್ತಿರ ಬಿಟ್ಟು ಬಂದಿದ್ದರಿಂದ ಸಂಜೆಗೇ ಮರಳುವವರಿದ್ದರು. ರಾಹುಲ ಎಣ್ಣೆನೀರು ಹಾಕಿಸಿಕೊಂಡು ಗಾದಿಯ ಮೇಲೆ ಕೂತ. ಜಯಶ್ರೀ ಅಡುಗೆಮನೆಯಲ್ಲಿ ತಮ್ಮನ ತೋಳು ಹಿಡಿದುಕೊಂಡಳು. ಆಕೆಯ ಕಣ್ಣು ಕೆಂಪಾಗಿದ್ದವು.

“ತಮ್ಮಾ, ಇವರು ನೌಕರಿ ಬಿಡ್ತಾರಂತ.”

ಮಹಾಂತೇಶನಿಗೆ ನಗೆಯೇ ಬಂತು. “ಅದರಾಗ ಏನ ತ್ರಾಸ ಆಗೇತಿ ಅವರಿಗೆ?”

“ನಗಬ್ಯಾಡೋ. ರಾಜೀನಾಮಿ ಬರದ ಇಟ್ಟಾರ. ಹಬ್ಬ ಮುಗಿಸಿ ಸೋಮವಾರ ಕೊಡ್ತಾರಂತ. ಅಲ್ಲೇ ಬಾಗಲಕೋಟಿ ವಿದ್ಯಾಗಿರ್ಯಾಗ ಕಾಲೇಜ ಹುಡುಗ್ರಿಗೆ ಈ ಫುಟ್‌ಬಾಲ್ ಗೇಮ್ ಕಲಸೋ ಕ್ಲಾಸ್ ತೆಗಿತಾರಂತ. ಅಟ್ಯಾಕ್‌ಗೆ ಒಂದ ಬ್ಯಾಚ್, ಡಿಫೆನ್ಸ್‌ಗೆ ಒಂದ ಬ್ಯಾಚ್. ಖೋಲಿ ಸೈತ ನೋಡ್ಯಾರ.”

“ನೀ ಏನಂದಿ?”

“ನಾ ಏನ ಅನ್ನಲಿ? ಬ್ಯಾಡ್ರಿ ಅಂದೆ. ನಿನ್ನ ತಮ್ಮ ಇಡೀ ಹುನಗುಂದಕ್ಕ ಹುಲಿ ಅಂತಿ, ಆ ಹುಲಿ ಮೂರು ವರ್ಷ ಆತು ನನ್ನ ಕಡೆ ಬಡಿಸ್ಕೊಳ್ಳಾಕ ಹತ್ತೇತಿ ಅಂದ್ರು.” ಆಕೆ ಸೆರಗಿನಿಂದ ಮೂಗೊರಸಿಕೊಂಡಳು. “ಇವತ್ತೊಂದ ದಿನ ಹೆಂಗರ ಮಾಡಿ ಅವರನ್ನ ಸೋಲಸಾಕ ಆಗ್ತೈತೇನ ನಿನಗ? ಮತ್ತ ಆ ಹೆಸರ ಎತ್ತಬಾರ್ದು, ಹಂಗ ಸೋಲಸ್ಬೇಕ. ಆಗ್ತೈತೇನೋ?”

ಒಲೆಯ ಮುಂದಿದ್ದ ಚಂದವ್ವ ಹೋಳಿಗೆ ಬೇಯಿಸುವುದನ್ನು ಬಿಟ್ಟು ತಿರುಗಿದಳು. “ಬ್ಯಾಡಪಾ, ಹಬ್ಬದ ದಿನ...”

“ಯವ್ವಾ, ನೀ ಸುಮ್ನಿರು. ನೌಕರಿ ಹೋದ್ರ ಹಬ್ಬ ಎಲ್ಲಿಂದ ಬರ್ತೈತಿ?” ಅಂದಳು ಜಯಶ್ರೀ.

ಆಗ್ತೈತೇನೋ ಅಂತ ಕೇಳುತ್ತಾಳೆ! ಅಕ್ಕನೂ ನಂಬಿಬಿಟ್ಟಿದ್ದಾಳಲ್ಲ ಅಂತ ಮಹಾಂತೇಶನಿಗೆ ಚುರುಕ್ಕೆಂದಿತು. ಆಗಲೇ ಸತ್ಯ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಬಾಯಲ್ಲಿ ಹೇಳುವುದಕ್ಕಿಂತ ಕಣ್ಣಾರೆ ನೋಡಲಿ ಅನ್ನಿಸಿತು. “ನೋಡ್ತಿರಕ್ಕಾ” ಎಂದಷ್ಟೇ ಅಂದು ಪಡಸಾಲೆಗೆ ಬಂದ.

ಊಟವಾಯಿತು. ಹಬ್ಬದ ಹೋಳಿಗೆಗೆ ಕರೆದಿದ್ದರಿಂದ ಅಶ್ಫಾಕನೂ ಬಂದು ಉಂಡು, ಮಂಚದ ತುದಿಗೆ ಕೂತಿದ್ದ. ರಾಹುಲ ತೇಗಿ, ರಿಮೋಟು ಕೈಗೆತ್ತಿಕೊಂಡು, ಎಂದಿನಂತೆ ಎಲ್ಲಕ್ಕಿಂತ ಬಲವಾದ ತಂಡವನ್ನು ತನಗಿಟ್ಟುಕೊಂಡ.

“ಕುಂದ್ರ ಲೇ ಮಹಾಂತ್ಯಾ. ಇನ್ನ ಮುಂದ ನನ್ನ ಕಡೆ ಕಲಿಬೇಕಂದ್ರ ಫೀ ಕೊಡಬೇಕಾಕ್ಕೈತಿ ನೋಡ.”

ಚೆಂಡು ಬಿಟ್ಟರು. ರಾಹುಲ ಬಟನ್ ಒತ್ತಿ ಹಿಡಿದು ಗೂಳಿಯ ಹಾಗೆ ನುಗ್ಗಿದ. ಮಹಾಂತೇಶ ಮೂರು ವರ್ಷದಲ್ಲಿ ಮೊದಲ ಬಾರಿಗೆ ದಾರಿ ಬಿಡಲಿಲ್ಲ. ಏನೂ ಮಾಡಲೂ ಇಲ್ಲ. ತನ್ನವನೊಬ್ಬನನ್ನು ಚೆಂಡಿಗೂ ಗೋಲಿಗೂ ನಡುವೆ ತಂದು ಸುಮ್ಮನೆ ನಿಲ್ಲಿಸಿದ. ಹಿಂದೆ ಸರಿಯುತ್ತ, ಸರಿಯುತ್ತ, ಕಾದ. ರಾಹುಲನ ಆಟಗಾರ ತಾನಾಗಿಯೇ ಚೆಂಡನ್ನು ಮುಂದಕ್ಕೆ ಚೆಲ್ಲಿದ. ಅದನ್ನೆತ್ತಿಕೊಂಡು ಒಂದು ಗಿಡ್ಡ ಪಾಸು, ಇನ್ನೊಂದು ಪಾಸು, ಅಲ್ಲಿಂದ ಬದಿಗೆ. ಅಷ್ಟೊತ್ತಿಗೆ ರಾಹುಲ ಮೂವರನ್ನು ಒಬ್ಬನ ಮೇಲೆ ಬಿಟ್ಟು ಮೂವರನ್ನೂ ಜಾರಿಸಿ ಮಲಗಿಸಿದ್ದ. ಮಹಾಂತೇಶನವನು ಮಲಗಿದವರ ಪಕ್ಕದಿಂದ ನಡೆದುಕೊಂಡೇ ಹೋಗಿ ಗೋಲಿನ ಮೂಲೆಗೆ ಮೆಲ್ಲಗೆ ಚೆಂಡು ಸೇರಿಸಿದ.

“ಆ ರಿಮೋಟ್...” ಅಂದ ರಾಹುಲ.

“ನಂದ ತಗೋರಿ ಮಾವಾರ” ಎಂದು ಮಹಾಂತೇಶ ರಿಮೋಟು ಬದಲಿಸಿಕೊಂಡ. ಮತ್ತೆ ಗೋಲು ಹೊಡೆದ.

ರಾಹುಲ ಗೋಲ್‌ಕೀಪರನನ್ನು ಹೊರಗೋಡಿಸಿದ. ಅವನ ತಲೆಯ ಮೇಲಿಂದ ಚೆಂಡು ಹೋಯಿತು. ಹಿಂದಿನವರನ್ನೆಲ್ಲ ಮುಂದಕ್ಕೆ ಕಳಿಸಿದ. ಖಾಲಿ ಬಿದ್ದ ಹಿತ್ತಲಿನಲ್ಲಿ ಇನ್ನೆರಡು ಗೋಲು ಬಿದ್ದವು. ಬಡಾಯಿ ಕಡಿಮೆಯಾಗುತ್ತ ಬಂದು ನಿಂತೇ ಹೋಯಿತು. ಕಿವಿ ಕೆಂಪಗಾದವು. ಮಹಾಂತೇಶನ ಬೆರಳಿಗೆ ಹಬ್ಬ. ಒಂದೊಂದು ಗೋಲಿಗೂ ಒಂದೊಂದು ಉಪದೇಶದ ಬಡ್ಡಿ ತೀರಿಸಿಕೊಂಡ. ಅಶ್ಫಾಕ ಬಾಯಿಗೆ ಟಾವೆಲ್ ತುರುಕಿಕೊಂಡಿದ್ದ. ಅಡುಗೆಮನೆಯ ಬಾಗಿಲಲ್ಲಿ ಜಯಶ್ರೀ ನಿಂತು ಟೀವಿಯನ್ನಲ್ಲ, ಗಂಡನ ಮುಖವನ್ನು ನೋಡುತ್ತಿದ್ದಳು. ಏಳು ಗೋಲಿಗೆ ಮ್ಯಾಚು ಮುಗಿಯಿತು. ಎದುರಿಗೆ ಸೊನ್ನೆ.

ರಾಹುಲ ರಿಮೋಟನ್ನು ಗಾದಿಯ ಮೇಲಿಟ್ಟ. ಚಂದವ್ವ ಸೆರಗು ಬಾಯಿಗಿಟ್ಟುಕೊಂಡಳು. ಈಗ ಗೋಡೆಯ ಕಡೆ ತಿರುಗುತ್ತಾನೆ, ಈಗ ಗಾಡಿಯ ಕೀಲಿ ತೆಗೆದುಕೊಳ್ಳುತ್ತಾನೆ ಅಂತ ಎಲ್ಲರೂ ಕಾದರು. ತಿರುಗಲಿ, ಎದ್ದು ಹೋಗಲಿ, ಸೋಮವಾರ ತೆಪ್ಪಗೆ ಕಚೇರಿಗೆ ಹೋಗಲಿ ಅಂದುಕೊಂಡ ಮಹಾಂತೇಶ.

ರಾಹುಲ ನಿಧಾನವಾಗಿ ತಲೆಯೆತ್ತಿದ. ಅವನ ಮುಖ ಅರಳಿತ್ತು. ಮಹಾಂತೇಶನ ಬೆನ್ನಿಗೆ ಫಟ್ಟೆಂದು ಒಂದು ಕೊಟ್ಟ.

“ಶಾಬ್ಬಾಸ್ ಮಗನ! ಮೂರು ವರ್ಷ ತಲಿಗೆ ತುಂಬಿದ್ದು ಇವತ್ತ ಹೊರಗ ಬಂತು ನೋಡ. ಚೆಂಡ ಹಿಡಿಯಾಕ ಬರದಾಂವ, ಮೊನ್ನಿ ಪಂಚಮಿಯಾಗ ನನ್ನ ಕಡೆ ಐದ ಗೋಲ ಹೊಡಿಸ್ಕೊಂಡಾಂವ, ಇವತ್ತ ಗುರುಗ ಏಳ ಹೊಡದ! ಜಯಾ, ನೋಡಿದಿಲ್ಲೋ? ಕ್ಲಾಸ್ ನಡಿತೈತೋ ಇಲ್ಲೋ ಅಂತಿದ್ದಿಯಲ್ಲ?”

ಆಮೇಲೆ ಅವನು ಯಾರಿಗೋ ಫೋನು ಹಚ್ಚಿದ. ಖೋಲಿ ಗಟ್ಟಿ ಮಾಡಿಬಿಡ್ರಿ, ಸೋಮವಾರ ಬಂದ ಮಾತಾಡ್ತೇನಿ, ನನ್ನ ಕೈಯಾಗ ಪಳಗಿದ ಹುಡುಗ ಒಬ್ಬಾಂವ ಅದಾನ, ಹುನಗುಂದದಾಗ ಅವನ ಸಮಾ ಯಾರೂ ಇಲ್ಲ ಅಂತ ಇಡೀ ಓಣಿಗೆ ಕೇಳುವ ಹಾಗೆ ಹೇಳಿದ.

ಗೆದ್ದು ಸೋಲುವುದೆಂದರೆ ಹೀಗೆ ಅಂತ ಮಹಾಂತೇಶನಿಗೆ ಯಾರೂ ಹೇಳಿರಲಿಲ್ಲ. ಫೋನು ಇಡುವ ತನಕವೂ ತಡೆಯಲಾಗಲಿಲ್ಲ.

“ಮಾವಾರ, ನೀವ ಏನೂ ಕಲಿಸಿಲ್ರಿ ನನಗ. ನಾ ಮೊದಲಿಂದ ಹಿಂಗ ಆಡ್ತೇನಿ. ಇಷ್ಟ ದಿನ ಬೇಕಂತ ಸೋತೇನಿ. ನೀವ ಮನಿಗೆ ಬಂದ ಅಳಿಯಾರು ಅಂತ ಸೋತೇನಿ. ಅಶ್ಫಾಕನ್ನ ಕೇಳ್ರಿ, ಯವ್ವನ್ನ ಕೇಳ್ರಿ.”

ರಾಹುಲ ಗಹಗಹಿಸಿ ನಕ್ಕ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. “ಹಿಂಗ ಇರ್ತಾವ ಶಿಷ್ಯರು! ಒಂದ ಸಲ ಗೆದ್ದ ಕೂಡ್ಲೇ ಗುರು ಯಾರೂ ಇಲ್ಲ ಅಂತಾವ. ಇರ್ಲಿ ಬಿಡ ಲೇ, ನನಗೇನ ಬ್ಯಾಸರಿಲ್ಲ.”

ರಾಹುಲ ನಂಬಲಿಲ್ಲ. ಜಯಶ್ರೀ ನಂಬಿದಳು. ತಾಯಿಯ ಮುಖ ನೋಡಿದಳು, ಚಂದವ್ವ ನೆಲ ನೋಡಿದಳು. ಅಲ್ಲಿಗೆ ಕೇಳುವುದೇನೂ ಉಳಿಯಲಿಲ್ಲ. ತಮ್ಮನನ್ನು ಹಿತ್ತಲಿಗೆ ಕರೆಯಲೂ ಇಲ್ಲ, ಅಲ್ಲೇ ಬಾಗಿಲ ಹತ್ತಿರವೇ ಸಣ್ಣ ದನಿಯಲ್ಲಿ ಕೇಳಿದಳು.

“ಮೂರು ವರ್ಷ ನೀವಿಬ್ಬರೂ ಸೇರಿ ಅವರನ್ನ ಉಬ್ಬಸಿದ್ರಿ. ನನಗ ಒಂದ ಮಾತ ಹೇಳಲಿಲ್ಲ.”

“ನಿನಗ ತ್ರಾಸ ಆಗಬಾರ್ದಂತ ಅಕ್ಕಾ...”

“ಆ ಮನಿಯಾಗ ನನಗ ಎಷ್ಟ ಸಲ ಅನ್ನಿಸೇತಿ ಗೊತ್ತೈತೇನ, ಈ ಮನಷಾಗ ಏನಂದ್ರ ಏನೂ ಬರಂಗಿಲ್ಲ ಅಂತ? ಆಗೆಲ್ಲ ನಾ ಅನ್ಕೋತಿದ್ದೆ, ಇಲ್ಲ, ನನ್ನ ತಮ್ಮನಂಥಾ ಆಟಗಾರನ್ನ ಸೋಲಸ್ತಾರ, ಏನರ ಇರಬೇಕ ಇವರ ಕಡೆ ಅಂತ. ಅದೊಂದರ ಮ್ಯಾಲ ಮೂರು ವರ್ಷ ತಗದೇನಿ. ನೀ ಇಲ್ಲಿ ಕುಂತ ನಗಾಕ ಹತ್ತಿದ್ದಿ.”

ಮಹಾಂತೇಶ ನಗುತ್ತಿದ್ದದ್ದು ನಿಜ. ಆ ನಗುವಿಗೆ ಬೆಲೆ ತೆತ್ತದ್ದು ಅಕ್ಕ ಅನ್ನುವುದು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಜಯಶ್ರೀ ಒಳಗೆ ಹೋಗಿ ಚೀಲ ತಂದಳು. ಚಂದವ್ವ ಕಟ್ಟಿಕೊಟ್ಟ ಹೋಳಿಗೆಯ ಡಬ್ಬಿಯನ್ನು ಬೇಡವೆಂದು ಕಟ್ಟೆಯ ಮೇಲೆಯೇ ಬಿಟ್ಟಳು.

ಹೊರಗೆ ರಾಹುಲ ಗಾಡಿ ಚಾಲೂ ಮಾಡಿ ನಿಂತಿದ್ದ. ಇಂಥ ಖುಷಿಯಲ್ಲಿ ಅವನನ್ನು ಆ ಮನೆಯವರು ಹಿಂದೆಂದೂ ನೋಡಿರಲಿಲ್ಲ.

“ಲೇ ಮಹಾಂತ್ಯಾ, ಕ್ಲಾಸ್ ಶುರು ಮಾಡೋ ದಿನ ನೀನ ಬಂದ ದೀಪಾ ಹಚ್ಚಬೇಕ ನೋಡ. ಬೋರ್ಡಿನ ಮ್ಯಾಲ ನಿಂದೊಂದು ದೊಡ್ಡ ಫೋಟೋ ಹಾಕಸ್ತೇನಿ, ‘ನಮ್ಮ ಮೊದಲ ಶಿಷ್ಯ’ ಅಂತ. ಬರ್ತಿಲ್ಲೋ?”

ಚಂದವ್ವ ಮಗನ ಅಂಗಿಯನ್ನು ಹಿಂದಿನಿಂದ ಹಿಡಿದೆಳೆದಳು. ಬಾಗಿಲಿಗೆ ನಿಂತಿದ್ದಾನೆ ಅಳಿಯ, ಹಬ್ಬದ ದಿನ, ಹೋಗುವ ಹೊತ್ತು. ಗಾಡಿ ಹತ್ತುತ್ತಿದ್ದ ಜಯಶ್ರೀ ಒಂದು ಕಾಲು ನೆಲದ ಮೇಲಿಟ್ಟುಕೊಂಡೇ ತಮ್ಮನ ಉತ್ತರಕ್ಕೆ ನಿಂತಳು.

“ಹೂಂ ರಿ ಮಾವಾರ, ಬರ್ತೇನ್ರಿ” ಅಂದ ಮಹಾಂತೇಶ.

ಜಯಶ್ರೀ ಹಿಂದೆ ಕೂತು ಮುಖ ಆಚೆ ತಿರುಗಿಸಿದಳು. ಗಾಡಿ ಅಮೀನಗಡದ ರಸ್ತೆಗೆ ಹೊರಳಿತು.