ದೊಡ್ಡಮ್ಮನ ‘ದೊ’

ನನ್ನ ಅಕ್ಕನನ್ನು ಎಲ್ಲರೂ ದಡ್ಡಮ್ಮ ಅಂತ ಕರೆಯುತ್ತಾರೆ. ಹಾಗಂತ ಅವಳು ದಡ್ಡಿ ಎಂದು ಯಾರಾದರೂ ತಿಳಿದುಕೊಂಡರೆ ಅವರ ಜೊತೆ ನನಗೆ ಮಾತಿಲ್ಲ. ನನ್ನ ಮಗಳು ತೊದಲು ಮಾತಾಡುವ ಕಾಲಕ್ಕೆ ಅವಳಿಗೆ ಬಾಯಿ ದುಂಡಗೆ ಮಾಡಲು ಬರುತ್ತಿರಲಿಲ್ಲ. ‘ದೊಡ್ಡಮ್ಮ’ ಎನ್ನಲು ಹೋಗಿ ‘ದಡ್ಡಮ್ಮ’ ಎಂದಳು. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅಕ್ಕನೇ. ಮಗುವನ್ನು ಎತ್ತಿಕೊಂಡು, “ಇನ್ನೊಂದ್ಸಲ ಹೇಳು, ನನ್ನ ಬಂಗಾರಿ” ಎಂದಳು. ಮಗುವಿಗೇನು, ಎಲ್ಲರನ್ನೂ ನಗಿಸುವ ಮಾತು ಸಿಕ್ಕಿತು, ಬಿಡಲೇ ಇಲ್ಲ. ಆಮೇಲೆ ಭಾವನ ಬಾಯಿಗೂ ಅದೇ ಬಂತು, ಕೆಳಗಿನ ಮನೆಯವರ ಬಾಯಿಗೂ ಬಂತು, ಕೊನೆಗೆ ಅಕ್ಕ ಕೆಲಸ ಮಾಡುವ ಅಂಗಡಿಗೂ ಮುಟ್ಟಿತು. ಈಗ ಮಗಳು ಓದು ಮುಗಿಸಿ ಕೆಲಸಕ್ಕೆ ಹೋಗುತ್ತಾಳೆ, ನಾಲಿಗೆ ಬೇಕಾದ ಹಾಗೆ ಹೊರಳುತ್ತದೆ. ಆದರೂ ಮೆಟ್ಟಿಲು ಹತ್ತುವಾಗಲೇ “ದಡ್ಡಮ್ಮಾ!” ಎಂದು ಕೂಗು ಹಾಕುತ್ತಾಳೆ. ನಮ್ಮದು ಎದುರುಬದುರು ಬಾಗಿಲಿನ ಎರಡು ಮನೆ. ಅಕ್ಕ ಅವಳ ಬಾಗಿಲಿನಿಂದ “ಓ” ಎನ್ನುತ್ತಾಳೆ.

ಅಕ್ಕನಿಗೆ ಪರದೆ ಹೊಲಿಯುವ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸ. ಉದ್ದನೆಯ ಮೇಜು, ಅದರ ಮೇಲೆ ಬಟ್ಟೆಯ ಉರುಳೆ, ಕೊರಳಲ್ಲಿ ಅಳತೆ ಪಟ್ಟಿ, ಕೈಯಲ್ಲಿ ಅವಳದೇ ಸ್ವಂತ ಕತ್ತರಿ. ಆ ಕತ್ತರಿಯನ್ನು ಅಂಗಡಿಯಲ್ಲಿ ಬಿಟ್ಟು ಬರುವವಳಲ್ಲ. ಹಳೆ ಬಟ್ಟೆಯಲ್ಲಿ ಸುತ್ತಿ ದಿನಾ ಚೀಲದಲ್ಲಿ ಹಾಕಿಕೊಂಡು ಬರುತ್ತಾಳೆ, ಮರುದಿನ ಮತ್ತೆ ತೆಗೆದುಕೊಂಡು ಹೋಗುತ್ತಾಳೆ.

ಹೋದ ವರ್ಷ ಒಂದು ಎಡವಟ್ಟಾಯಿತು. ಯಾರದೋ ದೊಡ್ಡ ಮನೆಯ ಪರದೆ, ಬಟ್ಟೆಯ ತುಂಬ ಹಕ್ಕಿಗಳು. ಅಕ್ಕ ಮೇಲಿನ ಅಂಚು ಯಾವುದೆಂದು ಗುರುತು ಹಾಕಿ ಕತ್ತರಿಸಿಕೊಟ್ಟಳು, ಇನ್ನೊಬ್ಬರು ಹಾಗೇ ಹೊಲಿದರು, ಕಿಟಕಿಗೆ ನೇತುಹಾಕಿದ ಮೇಲೆ ನೋಡಿದರೆ ಹಕ್ಕಿಗಳೆಲ್ಲ ತಲೆಕೆಳಗಾಗಿ ಹಾರುತ್ತಿವೆ! ಮನೆಯವರು ಪರದೆಯನ್ನು ವಾಪಸು ತಂದು ಮೇಜಿನ ಮೇಲೆ ಬಿಸಾಡಿದರು. ಅಂಗಡಿಯ ಯಜಮಾನರು ಏನೂ ಅನ್ನಲಿಲ್ಲ. ಅಂದವನು ಹೊಲಿಗೆ ಮಿಷನ್ನಿನವನು. “ದಡ್ಡಮ್ಮ ಅಂತ ಸುಮ್‌ಸುಮ್ನೆ ಹೆಸರಿಡ್ತಾರಾ?” ಎಂದು ಹಲ್ಲು ಕಿರಿದ. ಅಂಗಡಿಯೆಲ್ಲ ನಕ್ಕಿತಂತೆ, ಅಕ್ಕನೂ ನಕ್ಕಳಂತೆ. ಸಾಯಂಕಾಲ ನನ್ನ ಅಡುಗೆಮನೆಗೆ ಬಂದು ಕೂತವಳು ಕೊಟ್ಟ ಚಹಾ ಮುಟ್ಟಲಿಲ್ಲ.

ಅಂದಿನಿಂದ ಅವಳಿಗೆ ಕತ್ತರಿ ಹಿಡಿಯಲು ಭಯ. ಗೆರೆ ಎಳೆದು, ಬಟ್ಟೆ ಮಡಿಸಿ, ಮತ್ತೆ ಬಿಡಿಸಿ, ಪಕ್ಕದವರನ್ನು ಕರೆದು, “ಇದು ಸರಿಯಾಗಿದೆಯಾ, ಒಂಚೂರು ನೋಡು” ಎನ್ನುತ್ತಿದ್ದಳು. ಅವರು ಸರಿಯಾಗಿದೆ ಎಂದರೂ ಮತ್ತೆ ಅಳತೆ ಪಟ್ಟಿ ಹಿಡಿಯುತ್ತಿದ್ದಳು. ಮನೆಯಲ್ಲೂ ಅದೇ ಕಥೆ. ಬಾಗಿಲಿಗೆ ಬೀಗ ಹಾಕಿದೆನಾ, ನಲ್ಲಿ ನಿಲ್ಲಿಸಿದೆನಾ ಎಂದು ಅರ್ಧ ದಾರಿಯಿಂದ ವಾಪಸು ಬರುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವಳ ಮೇಲಲ್ಲ, ಆ ಮಿಷನ್ನಿನವನ ಮೇಲೆ.

ಒಂದು ದಿನ ಅವಳು ನನ್ನ ಬಾಗಿಲು ಹಾಕಿ, ಚಿಲಕವನ್ನೂ ಹಾಕಿ, ಪಿಸುಗುಟ್ಟಿದಳು. ಬಸ್ ನಿಲ್ದಾಣದ ಗೋಡೆಯ ಮೇಲೆ ಒಂದು ಚೀಟಿ ಅಂಟಿಸಿದ್ದಾರಂತೆ. ತುಂಬ ಬುದ್ಧಿವಂತರದ್ದೇ ಒಂದು ಸಂಘವಂತೆ. ನೂರು ಜನರಲ್ಲಿ ಮೊದಲ ಇಬ್ಬರನ್ನು ಮಾತ್ರ ಸೇರಿಸಿಕೊಳ್ಳುತ್ತಾರಂತೆ. ಪರೀಕ್ಷೆಗೆ ಯಾರು ಬೇಕಾದರೂ ಕೂರಬಹುದಂತೆ.

“ನಿನಗೇನು ತಲೆ ಕೆಟ್ಟಿದೆಯಾ ಅಕ್ಕ?” ಎಂದೆ.

“ಕೆಟ್ಟಿದೆಯಾ ಇಲ್ವಾ ಅಂತ ನೋಡೋಕೇ ಹೋಗ್ತಿರೋದು ಕಣೇ.”

ನಾನು ನಕ್ಕೆ, ಅವಳು ನಗಲಿಲ್ಲ. “ಆ ಸಂಘದವರು ತಗೊಂಡ್ರೆ ನಾನು ದಡ್ಡಿ ಅಲ್ಲ. ತಗೊಳ್ಳಿಲ್ಲಾಂದ್ರೆ ಎಲ್ಲರೂ ಹೇಳೋದು ನಿಜ. ಕತ್ತರಿ ಕೆಳಗಿಟ್ಟು ಅಂಚು ಹೊಲಿಯೋ ಬೆಂಚಿಗೆ ಹೋಗ್ಬಿಡ್ತೀನಿ. ಇನ್ನೊಬ್ಬರ ಬಟ್ಟೆ ಹಾಳು ಮಾಡೋಕೆ ನನ್ನಿಂದಾಗಲ್ಲ” ಎಂದಳು. ಅಂಚು ಹೊಲಿಯುವ ಬೆಂಚೆಂದರೆ ಹೊಸದಾಗಿ ಕೆಲಸಕ್ಕೆ ಸೇರಿದವರು ಕೂರುವ ಜಾಗ. ಅವಳು ಅಲ್ಲಿಂದ ಮೇಲೆ ಬರಲು ಅರ್ಧ ಆಯುಸ್ಸು ಸವೆಸಿದ್ದಳು. ಎಂಥ ಹುಚ್ಚು ಲೆಕ್ಕ ಇದು ಎಂದು ಬೈದೆ. ಬೈದರೂ ಅವಳು ಜಗ್ಗಲಿಲ್ಲ. ಭಾವನಿಗೆ ಹೇಳಬಾರದು, ನನ್ನ ಮಗಳಿಗಂತೂ ಸುಳಿವೂ ಸಿಗಬಾರದು ಎಂದು ತನ್ನ ತಲೆಯ ಮೇಲೆ ನನ್ನ ಕೈ ಇಡಿಸಿ ಆಣೆ ಹಾಕಿಸಿಕೊಂಡಳು. ಸಂಘದವರಿಗೆ ನನ್ನ ಫೋನ್ ನಂಬರನ್ನೇ ಕೊಟ್ಟಳು.

ಅಭ್ಯಾಸಕ್ಕೆಂದು ಅವರು ಒಂದಿಷ್ಟು ಪ್ರಶ್ನೆಗಳನ್ನು ಕಳಿಸಿದ್ದರು. ಚೌಕದೊಳಗೆ ಚುಕ್ಕಿ, ಚುಕ್ಕಿಯ ಪಕ್ಕ ಬಾಣ, ಮುಂದಿನ ಚಿತ್ರ ಯಾವುದು ಹೇಳಿ ಎಂದು. ಜೊತೆಗಿರಲಿ ಎಂದು ನಾನೂ ಕೂತೆ. ನನಗೆ ಒಂದೂ ಬರಲಿಲ್ಲ. ಅಕ್ಕ ತುಟಿ ಕಚ್ಚಿಕೊಂಡು ಒಂದೊಂದಾಗಿ ಮಾಡುತ್ತಾ ಹೋದಳು. ಉತ್ತರ ನೋಡಿದರೆ ಸುಮಾರೆಲ್ಲ ಸರಿ! ನಾನು ಸಿಟ್ಟಿನಲ್ಲಿ ಪೆನ್ಸಿಲ್ ಎಸೆದೆ, ಅದು ಹೋಗಿ ನೀರಿನ ಪಾತ್ರೆಗೆ ಬಿತ್ತು. “ಇದು ಬರೀ ಅಭ್ಯಾಸದ್ದು ಕಣೇ, ಸುಲಭ ಇಟ್ಟಿರ್ತಾರೆ” ಎಂದಳು ಅಕ್ಕ. ಹೀಗಂದರೆ ನಾನು ಏನಾದೆ?

ಪರೀಕ್ಷೆ ಒಂದು ಶಾಲೆಯ ಮಹಡಿಯಲ್ಲಿತ್ತು. ಮಕ್ಕಳ ಬೆಂಚಿನಲ್ಲಿ ದೊಡ್ಡವರೆಲ್ಲ ಮಂಡಿ ಮಡಚಿಕೊಂಡು ಕೂತಿದ್ದರು. ಕನ್ನಡಕದ ಹುಡುಗರೇ ಹೆಚ್ಚು. ಒಬ್ಬ ಬೆರಳು ನೆಟಿಕೆ ಮುರಿಯುತ್ತಿದ್ದ, ಒಬ್ಬಳು ಗೋಡೆ ನೋಡುತ್ತ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದಳು. ನಮ್ಮಕ್ಕ ಕೊನೆಯ ಬೆಂಚಿನಲ್ಲಿ ಚೀಲ ತಬ್ಬಿಕೊಂಡು ಕೂತಳು. ಚೀಲ ಹೊರಗಿಡಿ ಎಂದಾಗ ಬಾಗಿಲವರೆಗೆ ಬಂದು ನನ್ನ ಕೈಗೆ ಕೊಟ್ಟಳು. ಅವಳ ಬೆರಳು ತಣ್ಣಗೆ ಕೊರೆಯುತ್ತಿತ್ತು. “ಹೊರಟುಬಿಡೋಣ್ವಾ?” ಎಂದಳು. ಹೂಂ ಎನ್ನಬೇಕು ಅನ್ನಿಸಿತು ನನಗೆ. “ಹೋಗು ಒಳಗೆ” ಎಂದೆ.

ಬಾಗಿಲ ಗಾಜಿನಲ್ಲಿ ನೋಡುತ್ತ ನಿಂತೆ. ಎಲ್ಲರೂ ಬರೆಯುತ್ತಿದ್ದಾರೆ, ಇವಳೊಬ್ಬಳು ಬರೆಯುತ್ತಿಲ್ಲ. ಹಾಳೆಯನ್ನು ಎಡಕ್ಕೆ ತಿರುಗಿಸಿದಳು. ಬಲಕ್ಕೆ ತಿರುಗಿಸಿದಳು. ಆಮೇಲೆ ಪೂರ್ತಿ ತಲೆಕೆಳಗು ಮಾಡಿ ಹಿಡಿದುಕೊಂಡಳು. ನನಗೆ ಆ ಹಾಳು ಹಕ್ಕಿಗಳು ನೆನಪಾದವು. ಗಾಜು ತಟ್ಟಿ ಕೂಗಿಬಿಡಲೇ ಎಂದು ಕೈ ಎತ್ತಿದೆ, ಒಳಗಿದ್ದ ಮೇಲ್ವಿಚಾರಕಿ ಕಣ್ಣು ದೊಡ್ಡದು ಮಾಡಿದಳು. ಗಂಟೆ ಹೊಡೆದು ಹೊರಗೆ ಬಂದಾಗ ಅಕ್ಕನ ಮುಖದಲ್ಲಿ ರಕ್ತವಿರಲಿಲ್ಲ. “ಕೊನೇದಿಷ್ಟು ಬಿಟ್ಟೆ ಕಣೇ, ಟೈಮ್ ಆಗೋಯ್ತು” ಎಂದಳು.

ಆಮೇಲಿನ ದಿನಗಳು ಯಾರಿಗೂ ಬೇಡ. ನನ್ನ ಫೋನ್ ರಿಂಗಾದರೆ ಎದುರು ಮನೆಯಲ್ಲಿ ಪಾತ್ರೆ ಬೀಳುತ್ತಿತ್ತು. ನಾನು ಬಾಗಿಲಲ್ಲಿ ನಿಂತು ಅಲ್ಲ ಎಂದು ಕೈ ಆಡಿಸಬೇಕು, ಅವಳು ಒಳಗೆ ಹೋಗಬೇಕು. ಭಾವ, “ಏನೇ ದಡ್ಡಮ್ಮ, ಅಕ್ಕ ತಂಗಿ ಏನು ಮಸಲತ್ತು ಮಾಡ್ತಿದೀರಿ?” ಎಂದು ನಕ್ಕರು. ಮೊದಲಾದರೆ ತಿರುಗಿ ಒಂದು ಮಾತು ಅನ್ನುತ್ತಿದ್ದಳು. ಈಗ ಆ ಹೆಸರು ಕಿವಿಗೆ ಬಿದ್ದರೆ ಕತ್ತು ಸಣ್ಣಗೆ ಒಳಗೆ ಎಳೆದುಕೊಳ್ಳುತ್ತಿದ್ದಳು. ಅದನ್ನು ನೋಡಿ ನನಗೆ ನಿದ್ದೆ ಬರುತ್ತಿರಲಿಲ್ಲ.

ಫೋನ್ ಬಂದದ್ದು ಒಂದು ರಜೆಯ ದಿನ. ನಾನು ಈರುಳ್ಳಿ ಹೆಚ್ಚುತ್ತಿದ್ದೆ, ಅಕ್ಕ ನನ್ನ ಮೇಜಿನ ಹತ್ತಿರ ಕೂತಿದ್ದಳು. ಸಂಘದ ಕಾರ್ಯದರ್ಶಿ, ಹೆಣ್ಣು ದನಿ, ತುಂಬ ನಯ. “ನಿಮ್ಮಕ್ಕ ಆಯ್ಕೆ ಆಗಿಲ್ಲ ಅಂತ ತಿಳಿಸೋಕೆ ಬೇಜಾರಾಗುತ್ತೆ. ತುಂಬಾ ಹತ್ತಿರ ಬಂದಿದ್ರು. ನೂರು ಜನರನ್ನ ಸಾಲಾಗಿ ನಿಲ್ಲಿಸಿದ್ರೆ ತೊಂಬತ್ತಾರು ಜನ ಇವರ ಹಿಂದೆ ನಿಲ್ತಾರೆ, ಮುಂದೆ ಮೂವರು. ನಾವು ಮೊದಲ ಇಬ್ಬರನ್ನ ಮಾತ್ರ ತಗೊಳ್ಳೋದು.”

“ಇನ್ನೂ ಇಬ್ಬರನ್ನ ತಗೊಂಡ್ರೆ ನಿಮ್ಮ ಗಂಟೇನು ಹೋಗುತ್ತೆ?” ಎಂದೆ. “ಕುರ್ಚಿ ಸಾಲಲ್ವಾ? ನಾವೇ ಮನೆಯಿಂದ ತರ್ತೀವಿ.”

“ಹಾಗಲ್ಲಮ್ಮ, ನಿಯಮ...”

“ಇಟ್ಕೊಳ್ಳಿ ನಿಮ್ಮ ನಿಯಮ!” ಎಂದು ಫೋನ್ ಇಟ್ಟೆ.

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. “ಆಗ್ಲಿಲ್ಲ ಅಲ್ವಾ?” ಎಂದಳು. ಅತ್ತಿದ್ದರೆ ನಾನು ಹೇಗೋ ಸಮಾಧಾನ ಮಾಡುತ್ತಿದ್ದೆ. ಅವಳು ಅಳಲಿಲ್ಲ. ಚೀಲದಿಂದ ಬಟ್ಟೆ ಸುತ್ತಿದ ಕತ್ತರಿ ತೆಗೆದು ನನ್ನ ಮೇಜಿನ ಮೇಲಿಟ್ಟಳು. “ಇದು ನಿನ್ನ ಹತ್ರಾನೇ ಇರ್ಲಿ. ನಾಳೆ ಯಜಮಾನರಿಗೆ ಹೇಳ್ತೀನಿ” ಎಂದು ಎದ್ದಳು.

“ಕೂತ್ಕೋ!” ಎಂದು ಕಿರುಚಿದೆ. ಹಿರಿಯಳು ಅಂತಲೂ ನೋಡಲಿಲ್ಲ. “ತೊಂಬತ್ತಾರು ಜನ ನಿನ್ನ ಹಿಂದೆ ಅಂತೆ. ಕೇಳಿಸ್ತಾ? ಆ ತೊಂಬತ್ತಾರು ಜನ ಯಾರು ಅಂದ್ಕೊಂಡಿದೀಯ? ಆಕಾಶದಿಂದ ಇಳೀತಾರಾ? ನಿನ್ನ ಗಂಡ ಅದರಲ್ಲಿ ಒಬ್ರು. ನಿಮ್ಮ ಯಜಮಾನರು ಒಬ್ರು. ಹಕ್ಕಿ ನೋಡಿ ಹಲ್ಲು ಕಿರಿದನಲ್ಲ, ಆ ಮಿಷನ್ನಿನವನು, ಅವನು ಸಾಲಿನ ತುದೀಲಿ ಎಲ್ಲೋ ಇದಾನೆ, ಕಣ್ಣಿಗೂ ಬೀಳಲ್ಲ!”

ಅಕ್ಕ ಕೂತಳು. ಆಮೇಲೆ ಮೆಲ್ಲಗೆ, “ನೀನು?” ಎಂದಳು.

“ನಾನೇನು?”

“ನೀನು ನನ್ನ ಮುಂದೇನಾ, ಹಿಂದೇನಾ?”

ನೀರಿನ ಪಾತ್ರೆಗೆ ಬಿದ್ದ ಪೆನ್ಸಿಲ್ ನೆನಪಾಯಿತು. “ಹಿಂದೆ” ಎಂದೆ.

“ಎಷ್ಟು ಹಿಂದೆ?”

“ನೀನು ಕೂಗಿದ್ರೆ ನಂಗೆ ಕೇಳ್ಸಲ್ಲ, ಅಷ್ಟು ಹಿಂದೆ. ಸಾಕಾ? ಸಮಾಧಾನ ಆಯ್ತಾ?”

ಅವಳ ತುಟಿ ಅದುರಿತು. ಅಳು ಬಂತೆಂದುಕೊಂಡೆ, ಬಂದದ್ದು ನಗು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನ್ನ ಕಣ್ಣಲ್ಲೂ ನೀರಿತ್ತು, ತಪ್ಪನ್ನು ಈರುಳ್ಳಿಯ ಮೇಲೆ ಹಾಕಬಹುದಿತ್ತು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. “ದಡ್ಡಮ್ಮಾ!” ಎಂದು ಎಂದಿನ ಹಾಗೆ ನನ್ನ ಮಗಳ ಕೂಗು. ಅಕ್ಕ “ಓ” ಎನ್ನಲಿಲ್ಲ, ಕತ್ತನ್ನೂ ಒಳಗೆ ಎಳೆದುಕೊಳ್ಳಲಿಲ್ಲ. ಮಗಳು ಒಳಗೆ ಬಂದು ಇಬ್ಬರ ಮುಖವನ್ನೂ ನೋಡಿ, “ಯಾಕೆ, ಏನಾಯ್ತು?” ಎಂದಳು.

“ಬಾ ಇಲ್ಲಿ” ಎಂದು ಅಕ್ಕ ಅವಳ ಎರಡು ಕೆನ್ನೆಯನ್ನೂ ಬೆರಳಲ್ಲಿ ಒತ್ತಿ ಹಿಡಿದಳು. ಬಾಯಿ ತಾನಾಗಿ ದುಂಡಗಾಯಿತು. “ಈಗ ಹೇಳು. ದೊ. ದೊಡ್ಡಮ್ಮ.”

“ದೊ... ದೊಡ್ಡಮ್ಮ” ಎಂದಳು ಮಗಳು, ಏನೂ ಅರ್ಥವಾಗದೆ.

“ಹಾಂ. ನಾನು ದೊಡ್ಡಮ್ಮ. ದಡ್ಡ ಅಮ್ಮ ಯಾರು ಅಂತ ನಿಮ್ಮಮ್ಮನ್ನೇ ಕೇಳು.” ಹಾಗೆಂದು ಮೇಜಿನ ಮೇಲಿದ್ದ ಕತ್ತರಿಯನ್ನು ತೆಗೆದು ಚೀಲಕ್ಕೆ ಹಾಕಿಕೊಂಡು ತನ್ನ ಮನೆಗೆ ಹೋದಳು.

ಮಾರನೆಯ ದಿನ ಸಾಯಂಕಾಲ ಅಕ್ಕ ಇನ್ನೂ ಅಂಗಡಿಯಿಂದ ಬಂದಿರಲಿಲ್ಲ. ಮೆಟ್ಟಿಲ ಮೇಲೆ ಮತ್ತೆ ಅದೇ ಕೂಗು, ಇಷ್ಟು ವರ್ಷದ ರೂಢಿ ಒಂದೇ ದಿನಕ್ಕೆ ಬಿಡುತ್ತದೆಯೇ? “ದಡ್ಡಮ್ಮಾ!”

ನಾನು ಒಲೆ ಸಣ್ಣಗೆ ಮಾಡಿ ಬಾಗಿಲಿಗೆ ಬಂದು, “ಓ” ಎಂದೆ.